ಕಾಯಿಸಿ ಸೋಸಿ ತಂದ ಹೊಳೆ ನೀರು

ಗೆಳೆಯರೇ, ಇವತ್ತು ನಮ್ಮ ನೀರು ಪರೀಕ್ಷೆಯ ಲ್ಯಾಬಿಗೆ ಬಂದ ಕೃಷ್ಣೆಯ ನೀರು ಕನ್ನಡಿಯಂತೆ ಹೊಳೆಯುತ್ತಿತ್ತು. ನೋಡಿದ ಕೂಡಲೇ ನನಗೆ ಕಳವಳವಾಯಿತು.

ತಂದವರು ಹೊಳೆದಂಡೆಯ ಸತ್ತಿ ಊರಿನ ಬಾಳವ್ವ, ಎಮ್ಮೆ ಸಾಕಿ ಬದುಕುವ ಹೆಂಗಸು. ಹೊಳೆ ಕಪ್ಪಾಗಿದೆ, ಮೀನು ಸತ್ತು ತೇಲುತ್ತಿವೆ, ಎಮ್ಮೆಗಳು ನೀರು ಮೂಸಿ ಹಿಂದೆ ಸರಿದಿವೆ ಎಂದು ನಿನ್ನೆ ಅವರೇ ಫೋನು ಮಾಡಿದ್ದರು. "ಸ್ವಚ್ಛ ಬಾಟಲಿಯಾಗ ತುಂಬ್ಕೊಂಡ ಬರ್ರಿ" ಎಂದಷ್ಟೇ ಹೇಳಿ ನಾನು ಫೋನಿಟ್ಟಿದ್ದೆ.

"ಇದು ಅದ ನೀರ ಏನಬೇ ಯವ್ವಾ?"

"ಹೌದ್ರಿ ಸಾಹೇಬ್ರ. ನಾಕ ಪದರ ಅರಬಿಯಾಗ ಸೋಸಿ, ಕುದಿಸಿ, ಆರಿಸಿ ತಂದೀನ್ರಿ. ನಿಮ್ಮ ಕೈಯಾಗ ಹೊಲಸ ನೀರ ಹ್ಯಾಂಗ ಕೊಡೂದ್ರಿ?"

ಕುದಿಸಿ ಸೋಸಿದರೆ ಪರೀಕ್ಷೆಯ ಫಲಿತಾಂಶವೇ ಸುಳ್ಳಾಗುತ್ತದೆ, ಇದನ್ನು ತೆಗೆದುಕೊಳ್ಳಲು ಬರುವುದಿಲ್ಲ ಎಂದು ಮೆಲ್ಲಗೆ ತಿಳಿಸಿದೆ. ಬಾಳವ್ವನ ಮುಖ ಸಣ್ಣದಾಯಿತು.

"ಆ ಕರೇ ನೀರ ನಿನ್ನೀನ ಹರದ ಹೋತ್ರಿ. ಇವತ್ತ ಹೊಳಿ ತಿಳಿ ಆಗೈತಿ. ಮೀನ ಯಾಕ ಸತ್ತೂ ಅಂತ ಇನ್ನ ಯಾರ ಹೇಳಾವ್ರರಿ?"

'ನೀರು ಹೇಗಿದೆಯೋ ಹಾಗೇ ತನ್ನಿ' ಎಂಬ ಇನ್ನೊಂದು ಮಾತು ನಿನ್ನೆ ನನ್ನ ಬಾಯಿಂದ ಬಂದಿದ್ದರೆ ಸಾಕಿತ್ತು. ಆಕೆ ಮರ್ಯಾದೆಗೆ ಸೋಸಿದರು, ನಾನು ಅವಸರಕ್ಕೆ ಫೋನಿಟ್ಟೆ.

ಒಟ್ಟಿನಲ್ಲಿ ಈ ಸಲ ಹೊಳೆಯ ನೀರನ್ನು ಸರಿಯಾಗಿ ಪರೀಕ್ಷೆ ಮಾಡಿದ್ದು ಬಾಳವ್ವನ ಎಮ್ಮೆಗಳು ಮಾತ್ರ. ವರದಿಗೆ ಸಹಿ ಹಾಕುವ ಅಧಿಕಾರ ಅವಕ್ಕಿಲ್ಲ, ನನಗಿದೆ.