ಗಂಟೆ ಟೀಚರ ಬಿಡುವಿನ ಮಂಗಳವಾರ

ಇಲಾಖೆಯ ಕಾಗದ ಅಂದ್ರೆ ನನಗೀಗ ಮುಟ್ಟೋಕೂ ಹೇಸಿಗೆ. ಮೂವತ್ತಾರು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ ರಿಟೈರ್ ಆದವಳು ನಾನು. ಅಂಥ ಕಾಗದಗಳನ್ನ ಕಟ್ಟುಗಟ್ಟಲೆ ನೋಡಿದ್ದೀನಿ, ಅವುಗಳ ಹಿಂಬದಿಯಲ್ಲಿ ಮಕ್ಕಳ ಕೈಲಿ ಚಿತ್ರ ಬರೆಸಿದ್ದೀನಿ. ಆದರೆ ಗಂಟೆ ಟೀಚರ್ ಮನೆಗೆ ನಾನೇ ಕೈಯಾರೆ ಹೊತ್ತುಕೊಂಡು ಹೋದೆನಲ್ಲ, ಅದರಷ್ಟು ಕೊಳಕು ಕಾಗದ ಇನ್ನೊಂದು ನೋಡಿಲ್ಲ.

ಗಂಟೆ ಟೀಚರ್ ಅನ್ನೋದು ಮಕ್ಕಳು ಇಟ್ಟ ಹೆಸರು. ಹತ್ತು ವರ್ಷದ ಹಿಂದೆ ಶಾಲೆಯ ಗಂಟೆ ಬಿರುಕು ಬಿಟ್ಟಿತು. ಹೊಸದಕ್ಕೆ ಅರ್ಜಿ ಹಾಕಿದ್ದಾಯಿತು, ಬರಲಿಲ್ಲ. ಇವಳು ಮೆಟ್ಟಿಲ ಮೇಲೆ ನಿಂತು "ಒಳಗೆ ಬನ್ರೋ!" ಅಂತ ಒಂದು ಕೂಗು ಹಾಕಿದ್ರೆ, ಮೈದಾನದ ಆ ತುದಿಯಲ್ಲಿ ಚೆಂಡಿನ ಹಿಂದೆ ಓಡ್ತಿದ್ದೋರೂ ನಿಂತಲ್ಲೇ ತಿರುಗೋರು. ಆಮೇಲೆ ಗಂಟೆಯ ಸುದ್ದಿ ಯಾರೂ ಎತ್ತಲಿಲ್ಲ. ನಾನು ಆಗ ಅದೇ ಶಾಲೆಯಲ್ಲಿ ಒಂದನೇ ಕ್ಲಾಸು ನೋಡ್ಕೊಳ್ತಿದ್ದೆ. ಅವಳು ನನಗಿಂತ ಹದಿನೈದು ವರ್ಷ ಚಿಕ್ಕವಳು, ನನ್ನನ್ನ ಅಕ್ಕ ಅಂತಲೇ ಕರೆಯೋದು.

ನಾನು ರಿಟೈರ್ ಆದ ವರ್ಷವೇ ಅವಳನ್ನ ಹೆಡ್ ಟೀಚರ್ ಮಾಡಿದ್ರು. ಹೆಡ್ ಟೀಚರ್ ಅಂದ್ರೆ ಕುರ್ಚಿ ಮೇಲೆ ಕೂತು ಸಹಿ ಹಾಕೋದು ಅಂದ್ಕೋಬೇಡಿ. ನಾಲ್ಕನೇ ಕ್ಲಾಸು, ಐದನೇ ಕ್ಲಾಸು ಎರಡೂ ಒಂದೇ ಕೋಣೆಯಲ್ಲಿ, ಮೂವತ್ತೆಂಟು ಮಕ್ಕಳು, ಅಷ್ಟೂ ಜನಕ್ಕೆ ಅವಳೇ ಟೀಚರ್. ನಲ್ಲಿ ಕೆಟ್ಟರೂ ಅವಳೇ, ಬಾಗಿಲ ಚಿಲಕ ಕಿತ್ತು ಬಂದರೂ ಅವಳೇ.

ಮನೆಯಲ್ಲೂ ಆ ಗಂಟಲಿಗೆ ಪುರುಸೊತ್ತಿಲ್ಲ. ಅತ್ತೆಗೆ ಕಿವಿ ಮಂದ, ಓದೋಕೂ ಬರಲ್ಲ. ಗಂಡ ಬಸ್ ಡ್ರೈವರು. ಬೆಳಗ್ಗೆ ಹೋದ್ರೆ ಸಂಜೆಗೆ ಬರೋದು, ಬಂದ್ರೂ ಬಾಯೊಳಗೇ ಗೊಣಗೋ ಮನುಷ್ಯ. ಅವನ ಮಾತು ಕಿವಿ ನೆಟ್ಟಗಿರೋರಿಗೇ ಕೇಳಿಸಲ್ಲ, ಪಾಪ ಆ ಮುದುಕಿಗೆಲ್ಲಿ! ಊರ ಸುದ್ದಿಯೆಲ್ಲಾ ಅವಳಿಗೆ ಸೊಸೆಯ ಬಾಯಿಂದಲೇ ಆಗಬೇಕು. ಅತ್ತೆ ಸೊಸೆ ಇಬ್ಬರೂ ಅಡುಗೆಮನೆಯಲ್ಲಿ ಕೂತು ಕಿರುಚಾಡ್ತಾ ನಗ್ತಿದ್ರೆ ಬೀದಿಯಲ್ಲಿ ಹೋಗೋರು ಜಗಳ ಅಂತ ನಿಂತು ನೋಡೋರು.

ಹೋದ ವರ್ಷ ಹೊಸ ಪಠ್ಯಕ್ರಮ ಬಂತು. ಯಾವ ಕ್ಲಾಸಿಗೆ ಯಾವ ಪಾಠ, ಎಷ್ಟು ದಿನ, ಪರೀಕ್ಷೆ ಹೇಗೆ, ಎಲ್ಲದಕ್ಕೂ ಹೆಡ್ ಟೀಚರ್ ಯೋಜನೆ ಬರೀಬೇಕು, ಬರೆದು ಉಳಿದ ಟೀಚರುಗಳಿಗೆ ಹೇಳಿಕೊಡಬೇಕು. ಯಾವಾಗ ಬರೀಬೇಕು ಅಂತ ಮಾತ್ರ ಯಾರೂ ಹೇಳಲಿಲ್ಲ. ಅದೇ ಹೊತ್ತಿಗೆ ಇವಳ ಧ್ವನಿ ಒಡೆಯೋಕೆ ಶುರುವಾಯಿತು. ನಾನೇ ಎಳ್ಕೊಂಡು ಹೋಗಿ ಗಂಟಲ ಡಾಕ್ಟರಿಗೆ ತೋರಿಸಿದೆ. ಧ್ವನಿಪೆಟ್ಟಿಗೆಯಲ್ಲಿ ಗಂಟುಗಳಾಗಿವೆ ಅಂದ್ರು ಡಾಕ್ಟರಮ್ಮ. "ಭಾನುವಾರ ಸುಮ್ಮನಿರ್ತೀನಿ ಅಂದ್ರೆ ಸಾಲಲ್ಲ. ವಾರದ ನಡುವೆ ಇನ್ನೊಂದು ದಿನ ತುಟಿ ಬಿಚ್ಚಬಾರದು. ಮೂರು ತಿಂಗಳು ಹೀಗಿದ್ರೆ ಸರಿಹೋಗಬಹುದು. ಇಲ್ಲಾಂದ್ರೆ ಆಪರೇಷನ್. ಆಮೇಲೂ ಹಳೇ ಧ್ವನಿ ಬರುತ್ತೆ ಅಂತ ನಾನು ಮಾತು ಕೊಡಲ್ಲ."

ರಜೆ ಹಾಕು ಅಂದೆ. ಹಾಕಿದ್ರೆ ಬದಲಿ ಟೀಚರ್ ಬರಲ್ಲ, ಮೂವತ್ತೆಂಟು ಮಕ್ಕಳು ಜಗಲಿಯಲ್ಲಿ ಕೂರ್ತಾರೆ ಅಂದಳು. ಅಷ್ಟರಲ್ಲಿ ಇಲಾಖೆಯಿಂದ ಆದೇಶ ಬಂತು. ಪಠ್ಯಕ್ರಮ ಬದಲಾಗೋ ವರ್ಷವಾದ್ದರಿಂದ, ಪಾಠವನ್ನೂ ಹೇಳೋ ಹೆಡ್ ಟೀಚರುಗಳಿಗೆ ವಾರಕ್ಕೊಂದು ದಿನ ಕ್ಲಾಸಿನಿಂದ ಬಿಡುವು. ಮಂಗಳವಾರ. ಹನ್ನೆರಡು ವಾರ. ಆ ದಿನದ ಬದಲಿ ಟೀಚರ ಸಂಬಳ ಇಲಾಖೆಯದೇ.

ಅವತ್ತು ಓಡ್ಕೊಂಡೇ ಬಂದಳು ನಮ್ಮನೆಗೆ. "ಅಕ್ಕ, ಮಂಗಳವಾರ ನೀವು ನನ್ನ ಕ್ಲಾಸಿಗೆ ಬನ್ನಿ. ನಾನು ಸಾಮಾನಿನ ಕೋಣೆಯಲ್ಲಿ ಬಾಗಿಲು ಹಾಕ್ಕೊಂಡು ಯೋಜನೆ ಬರೀತೀನಿ. ಬರೆಯೋಕೆ ಬಾಯಿ ಬೇಕಾಗಲ್ಲ ಅಲ್ವಾ? ಗಂಟಲೂ ಉಳಿಯುತ್ತೆ, ಕೆಲಸನೂ ಆಗುತ್ತೆ." ನಾನೂ ದಡ್ಡಿ, ನಂಬಿದೆ. ಇಲಾಖೆ ಒಂದ್ಸಲನಾದ್ರೂ ಮನುಷ್ಯರ ಥರ ಯೋಚನೆ ಮಾಡಿದೆ ಅಂದ್ಕೊಂಡೆ.

ಮೊದಲ ಮಂಗಳವಾರ ನಾನಿನ್ನೂ ಹಾಜರಿ ಕೂಗಿ ಮುಗಿಸಿಲ್ಲ, ಗೋಡೆಯಾಚೆ ಅವಳ ಧ್ವನಿ. ಫೋನಲ್ಲಿ ಮೀಟಿಂಗು! ಬಿಡುವು ಸಿಕ್ಕ ಹೆಡ್ ಟೀಚರುಗಳೆಲ್ಲಾ ಬಿಡುವನ್ನ ಹೇಗೆ ಬಳಸ್ತೀವಿ ಅಂತ ಒಬ್ಬೊಬ್ಬರಾಗಿ ಹೇಳಬೇಕಂತೆ. ಎರಡು ಗಂಟೆ ಹೇಳಿದ್ರು. ಮುಂದಿನ ವಾರ ಬಿಡುವಿನ ಸಮಯ ನಿರ್ವಹಣೆ ಅಂತ ತರಬೇತಿ. ಇವಳ ಗಂಟಲು ದೊಡ್ಡದು ಅಂತ ಎಲ್ಲರಿಗೂ ಗೊತ್ತಲ್ಲ, ಇವಳನ್ನೇ ಎಬ್ಬಿಸಿ ಗುಂಪಿನ ವರದಿ ಓದಿಸಿದ್ರು. ಮೂರನೇ ವಾರದ ಹೊತ್ತಿಗೆ ಹೆಡ್ ಟೀಚರ್ ಮಂಗಳವಾರ ಪುಕ್ಕಟೆ ಸಿಗ್ತಾರೆ ಅಂತ ಊರಿಗೆಲ್ಲಾ ಗೊತ್ತಾಗಿ, ಸಾಮಾನಿನ ಕೋಣೆ ಮುಂದೆ ತಂದೆತಾಯಿಗಳ ಸಾಲು. "ನಾನು ಮಾತಾಡೋ ಹಾಗಿಲ್ಲ" ಅನ್ನೋದನ್ನ ಹನ್ನೊಂದು ಜನಕ್ಕೆ ಬಾಯಿಬಿಟ್ಟು ಹೇಳಿದಳು.

ಹೀಗೇ ಎಂಟು ಮಂಗಳವಾರ ಹೋದವು. ಬಿಡುವಿನ ದಿನ ಏನು ಮಾಡಿದ್ರಿ ಅಂತ ನಾಲ್ಕು ಪುಟದ ವರದಿ ಬೇರೆ, ಅದೂ ಮಂಗಳವಾರವೇ ಬರೆಯೋದು. ಯೋಜನೆ ಮಾತ್ರ ಮನೆಯಲ್ಲಿ, ಅತ್ತೆ ಮಲಗಿದ ಮೇಲೆ. ಒಂಬತ್ತನೇ ಮಂಗಳವಾರ ಅವಳು ಶಾಲೆಯಲ್ಲೇ ಇರಲಿಲ್ಲ. ಪಕ್ಕದ ಶಾಲೆಯಲ್ಲಿ ಟೀಚರ್ ಬಂದಿಲ್ಲ, ನೀವು ಹೇಗಿದ್ರೂ ಖಾಲಿ ಇದ್ದೀರಲ್ಲ ಅಂತ ಅಲ್ಲಿಗೆ ಕಳಿಸಿದ್ರು. ಐವತ್ತು ಮಕ್ಕಳ ಮುಂದೆ ಇಡೀ ದಿನ! ನಾಚಿಕೆ ಮಾನ ಮರ್ಯಾದೆ ಯಾವುದೂ ಇಲ್ಲದ ಜನ. ನಾನಿಲ್ಲಿ ಅವಳ ಮಕ್ಕಳಿಗೆ ಪಾಠ ಹೇಳ್ತಿದ್ದೀನಿ, ಅವಳಲ್ಲಿ ಇನ್ಯಾರದೋ ಮಕ್ಕಳಿಗೆ.

ಮರುದಿನ ಬೆಳಗ್ಗೆ ಮೆಟ್ಟಿಲ ಮೇಲೆ ನಿಂತು ಬಾಯಿ ತೆರೆದಳು. ಬರೀ ಗಾಳಿ ಬಂತು. ಟೀಚರ್ ಆಟ ಆಡ್ತಿದ್ದಾರೆ ಅಂದ್ಕೊಂಡು ಮಕ್ಕಳು ನಕ್ಕರಂತೆ. ಎರಡನೇ ಸಲವೂ ಗಾಳಿಯೇ ಬಂದಾಗ ಒಂದನೇ ಕ್ಲಾಸಿನ ಪುಟ್ಟಿಯೊಂದು ಹೆದರಿ ಅತ್ತಿತಂತೆ.

ಡಾಕ್ಟರಮ್ಮ ಬೈದು, ಬೇಸಿಗೆ ರಜೆಗೆ ಆಪರೇಷನ್ ದಿನ ಬರೆದುಕೊಟ್ರು. ಇವಳು ಸ್ಲೇಟು ಹಿಡ್ಕೊಂಡು ಕ್ಲಾಸಿಗೇ ಹೋದಳು. ಡಸ್ಟರಿನಿಂದ ಮೇಜಿಗೆ ಒಂದು ಬಡಿತ ಅಂದ್ರೆ ಸುಮ್ಮನಿರಿ, ಎರಡು ಅಂದ್ರೆ ಪುಸ್ತಕ ತೆಗೀರಿ. ಪ್ರಶ್ನೆ ಬೋರ್ಡಿನ ಮೇಲೆ. ಐದನೇ ಕ್ಲಾಸಿನವರು ನಾಲ್ಕನೇ ಕ್ಲಾಸಿನವರಿಗೆ ಓದಿ ಹೇಳೋದು, ತಪ್ಪಿದ್ರೆ ಅವಳು ತಲೆ ಅಲ್ಲಾಡಿಸೋದು. ನಾನೂ ಯಾರೂ ಕರೆಯದೆ ದಿನಾ ಹೋಗಿ ಹಿಂದಿನ ಬೆಂಚಲ್ಲಿ ಕೂತೆ.

ಮನೆಯಲ್ಲಿ ಇನ್ನೊಂದು ಕಥೆ. ಸೊಸೆಯ ತುಟಿ ಆಡ್ತಿದೆ, ಮಾತು ಕೇಳಿಸ್ತಿಲ್ಲ. ಮುದುಕಿ ಎರಡು ದಿನ ನೋಡಿ, ಕಿವಿಗೆ ಕೈಯಿಟ್ಟು ಕೂತುಬಿಟ್ಟಳು. "ಪೂರ್ತಿ ಹೋಯ್ತು ಕಣೆ ನನ್ನ ಕಿವಿ. ಇನ್ನು ನಿನ್ನ ಮಾತೂ ಇಲ್ಲ ನನಗೆ." ನಾನು ನಿಜ ಹೇಳೋಕೆ ಬಾಯಿ ತೆಗೆದೆ, ಇವಳು ನನ್ನ ಕೈ ಹಿಡಿದು ಸ್ಲೇಟಲ್ಲಿ ಬರೆದಳು: "ಗೊತ್ತಾದ್ರೆ ಊಟ ಬಿಡ್ತಾರೆ. ಆಪರೇಷನ್ ಆದ ಮೇಲೆ ನಾನೇ ಹೇಳ್ತೀನಿ. ಅಲ್ಲೀವರೆಗೆ ಕಿವಿಯೇ ಹೋಯ್ತು ಅಂದ್ಕೊಂಡಿರಲಿ, ಮನೆಗೆ ಬಂದಾಗ ಮೆತ್ತಗೆ ಮಾತಾಡಿ ಅಕ್ಕ." ಆ ಮುದುಕಿ ತನ್ನ ಕಿವೀನ ತಾನೇ ಬೈಕೊಳ್ತಾ ಕೂತಿದ್ದನ್ನ ನೋಡ್ಕೊಂಡು ಪಿಸುಪಿಸು ಅಂತ ಮಾತಾಡಿ ಬಂದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಆಮೇಲೆ ಬಂದ್ರು ತಪಾಸಣೆಗೆ, ಸೆಂಟ್ ಸಾಹೇಬ್ರು. ಈ ಬಿಡುವಿನ ಯೋಜನೆಯ ಅಧಿಕಾರಿ. ಮನುಷ್ಯ ಗೇಟಲ್ಲಿರುವಾಗಲೇ ಸೆಂಟು ಕ್ಲಾಸಿನೊಳಗೆ ಬಂದಿರುತ್ತೆ. ಹತ್ತು ನಿಮಿಷ ಬಾಗಿಲಲ್ಲಿ ನಿಂತು ನೋಡಿದ್ರು. ಒಂದು ಬಡಿತ, ಕ್ಲಾಸೆಲ್ಲ ಸುಮ್ಮನೆ. ಎರಡು ಬಡಿತ, ಪುಸ್ತಕ. ಮಕ್ಕಳೇ ಮಕ್ಕಳಿಗೆ ಓದಿ ಹೇಳ್ತಿದ್ದಾರೆ. ಸಾಹೇಬ್ರ ಮುಖ ಅರಳಿತು. "ಭೇಷ್! ಹೊಸ ಪಠ್ಯಕ್ರಮ ಹೇಳೋದು ಇದನ್ನೇ! ಟೀಚರ್ ಮಾತು ಕಡಿಮೆ, ಮಕ್ಕಳ ಮಾತು ಜಾಸ್ತಿ!"

ನಾನು ಬೆಂಚಿಂದ ಎದ್ದು ನಿಂತೆ. "ಸ್ವಾಮಿ, ಅವಳ ಧ್ವನಿ ಹೋಗಿದೆ. ನಿಮ್ಮ ಮೀಟಿಂಗುಗಳಲ್ಲೇ ಹೋಗಿದ್ದು. ಅವಳಿಗೆ ಮಾತಾಡೋಕೆ ಆಗಲ್ಲ."

ಅವರು ನನ್ನ ಕಡೆ ತಿರುಗಿ ನಕ್ಕರು. "ಗೊತ್ತಮ್ಮ. ಹಳೇ ಟೀಚರುಗಳಿಗೆ ಇದು ಒಗ್ಗಲ್ಲ. ಒಂದು ಮಾತೂ ಆಡದೆ ಕ್ಲಾಸು ನಡೆಸೋದು ಸುಲಭ ಅಲ್ಲ." ಇವಳು ಸ್ಲೇಟಿನ ಮೇಲೆ ಏನೋ ಬರೆದು ಮುಂದೆ ಹಿಡಿದಳು. ಸಾಹೇಬ್ರು ಅದನ್ನ ಓದಲಿಲ್ಲ. "ಸ್ಲೇಟನ್ನೂ ಬಳಸ್ತಿದ್ದಾರೆ!" ಅಂತ ಪುಸ್ತಕದಲ್ಲಿ ಬರ್ಕೊಂಡು, ಫೋಟೋ ತೆಗೆಸ್ಕೊಂಡು ಹೋದ್ರು. ಥೂ! ಕಿಟಕಿ ಎಲ್ಲಾ ತೆಗೆದಿಟ್ಟರೂ ಆ ಸೆಂಟು ಮಧ್ಯಾಹ್ನದವರೆಗೆ ಹೋಗಲಿಲ್ಲ.

ವಾರದೊಳಗೆ ಇಲಾಖೆಯ ಕಾಗದ ಬಂತು. ಬದಲಿ ಟೀಚರಿಗೂ ಒಂದು ಪ್ರತಿ ಅಂತ ನನ್ನ ವಿಳಾಸಕ್ಕೇ ಬಂತು. ಓದ್ತಾ ಓದ್ತಾ ಮೈಯೆಲ್ಲಾ ಉರಿಯಿತು. ಚಪ್ಪಲಿ ಮೆಟ್ಟಿಕೊಂಡು ನೆಟ್ಟಗೆ ಅವಳ ಮನೆಗೆ ನಡೆದೆ. ಸಂಜೆ ಐದು ಗಂಟೆ. ಅವಳು ಅಡುಗೆಮನೆಯಲ್ಲಿ ಹಾಲು ಕಾಯಿಸ್ತಿದ್ದಳು. ಅತ್ತೆ ಮೂಲೆಯ ಮಂಚದ ಮೇಲೆ ಬಟಾಣಿ ಸುಲೀತಾ ಕೂತಿದ್ದಳು. ಮೆತ್ತಗೆ ಮಾತಾಡಬೇಕು ಅನ್ನೋದು ನನಗೆ ಆ ಹೊತ್ತಿಗೆ ನೆನಪಿದ್ರೆ ತಾನೇ?

"ಕೇಳಿಲ್ಲಿ!" ಅಂತ ಕಿರುಚಿ, ಕಾಗದ ಓದಿದೆ. "ಈ ಶಾಲೆಯ ಹೆಡ್ ಟೀಚರ್ ಹೊಸ ಪಠ್ಯಕ್ರಮವನ್ನು ಮಾದರಿಯಾಗಿ ಜಾರಿಗೆ ತಂದಿದ್ದಾರೆ. ಆದ್ದರಿಂದ ಅವರಿಗೆ ಇನ್ನು ಬಿಡುವಿನ ದಿನದ ಅಗತ್ಯ ಕಾಣುವುದಿಲ್ಲ, ಉಳಿದ ಮಂಗಳವಾರಗಳನ್ನು ರದ್ದು ಮಾಡಲಾಗಿದೆ. ಸದರಿಯವರು ಮುಂದಿನ ಸಭೆಯಲ್ಲಿ ತಮ್ಮ ಮೌನ ವಿಧಾನದ ಬಗ್ಗೆ ಒಂದು ಗಂಟೆ ಭಾಷಣ ಮಾಡತಕ್ಕದ್ದು! ಭಾಷಣವಂತೆ, ಭಾಷಣ! ಇವರ ಬಾಯಿಗೆ ಮಣ್ಣು ಹಾಕ!"

ಹಾಲು ಉಕ್ಕಿತು. ಅವಳು ಒಲೆ ಆರಿಸಿ, ಬಟ್ಟೆ ತಗೊಂಡು ಒರೆಸೋಕೆ ನಿಂತಳು.

"ಯಾರಿಗಮ್ಮ ಒಂದು ಗಂಟೆ ಭಾಷಣ?" ಅಂದಳು ಅತ್ತೆ.

ನಾನು ಬಾಯಿ ಮುಚ್ಚಿದೆ. ಮುಚ್ಚಿ ಏನು ಬಂತು! ಮುದುಕಿ ಬಟಾಣಿ ತಟ್ಟೆ ಪಕ್ಕಕ್ಕಿಟ್ಟಳು. "ನೀನು ಹೇಳಿದ್ದು ಕೇಳಿಸ್ತಲ್ಲ. ಹಾಗಾದ್ರೆ ನನ್ನ ಕಿವಿ..." ಅಂತ ಅಲ್ಲಿಗೇ ನಿಲ್ಲಿಸಿ, ಗೋಡೆ ಹಿಡ್ಕೊಂಡು ಎದ್ದು ಬಂದಳು. ಸೊಸೆಯ ಗಲ್ಲ ಹಿಡಿದು ಮುಖವನ್ನ ಕಿಟಕಿ ಕಡೆ ತಿರುಗಿಸಿದಳು.

"ಒಂದ್ಸಲ ಅತ್ತೆ ಅನ್ನು ನೋಡೋಣ."

ಅವಳು ಅಂದಳು. ಮುದುಕಿ ಕಿವಿಯನ್ನ ಅವಳ ತುಟಿಗೇ ತಾಗಿಸಿ, "ಇನ್ನೊಂದ್ಸಲ," ಅಂದಳು. ಅವಳು ಇನ್ನೊಂದ್ಸಲ ಅಂದಳು. ನಾನು ಎರಡು ಹೆಜ್ಜೆ ದೂರದಲ್ಲಿ ಕಾಗದ ಹಿಡ್ಕೊಂಡು ನಿಂತಿದ್ದೆ. ನನ್ನ ಕಿವಿಗೆ ಏನೂ ಆಗಿಲ್ಲ. ನನಗೂ ಏನೂ ಕೇಳಿಸಲಿಲ್ಲ.