ಜಪಾನೀ ಬೆನ್ನು, ಅಂಬೇವಾಡಿಯ ನಾಲಿಗೆ

ಕಾಗದದ ಕಾರ್ಖಾನೆಗೆ ಯಂತ್ರ ಕೂಡಿಸಲು ಬಂದಿದ್ದ ಜಪಾನೀ ಎಂಜಿನಿಯರು ಊರಿಗೆ ಮರಳುವಾಗ ನನಗೊಂದು ಫೋಟೋ ಪತ್ರಿಕೆ ಕೊಟ್ಟು ಹೋದ. ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟು. ಒಂದು ಛತ್ರಿ ಕೊಟ್ಟಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ನನ್ನ ಬಾಡಿಗೆ ಖೋಲಿಯ ಬಾಗಿಲಿಗೆ ಅಗಳಿ ಹಾಕಿ ಪತ್ರಿಕೆ ಬಿಚ್ಚಿದೆ. ನಡುವಿನ ಹಾಳೆಯಲ್ಲಿ ಕಪ್ಪು-ಬಿಳುಪು ಚಿತ್ರ. ಸೂಪಾ ಕಡೆಯ ಗುಡ್ಡವೆಂದುಕೊಂಡೆ. ತಿರುಗಿಸಿ ಹಿಡಿದರೆ ಹೆಂಗಸಿನ ಬೆನ್ನು! ಬಟ್ಟೆಯಿಲ್ಲ, ಮುಖವೂ ಇಲ್ಲ. ಬೆನ್ನಿನ ಗುಂಟ ಒಂದೇ ಬೆಳಕಿನ ಗೆರೆ, ಉಳಿದದ್ದೆಲ್ಲ ಕತ್ತಲೆ. ತೆಗೆದವನು ಯಾವನೋ ಮಹಾ ಜಿಪುಣ. ಕಂಡದ್ದು ಇಷ್ಟೇ, ಆದರೂ ಕಿವಿ ಕಾದವು. ಇದು ಕಲೆ, ಇದು ಕಲೆ ಎಂದು ನನಗೆ ನಾನೇ ಗದರಿಕೊಂಡೆ.

ಆಮೇಲೆ ಕೆಲಸದ ಚಟ ಎದ್ದಿತು. ಇಷ್ಟು ಕಪ್ಪು ಮಸಿ ಕುಡಿದೂ ಅದನ್ನು ಹರಡಗೊಡದ ಕಾಗದ ಎಂಥದು? ಮಸಿ ಹರಡದಂತೆ ಕಾಗದಕ್ಕೆ ಬೆರೆಸಿದ ಅಂಟು ಗಟ್ಟಿಯಿದೆಯೇ ನೋಡಲು ಕಾರ್ಖಾನೆಯಲ್ಲಿ ನಾವು ಹಾಳೆಯನ್ನು ಬೆಳಕಿಗೆ ಹಿಡಿದು, ನಾಲಿಗೆ ಹಚ್ಚುತ್ತೇವೆ. ಕಿಟಕಿಗೆ ಹಿಡಿದೆ. ನಾಲಿಗೆ ಹಚ್ಚಿದೆ.

ಕಿಟಕಿಯಾಚೆ ಮನೆಯೊಡತಿ. ಆಗಷ್ಟೇ ಲಿಂಗಪೂಜೆ ಮುಗಿಸಿದ್ದಳು, ಹಣೆ ತುಂಬ ವಿಭೂತಿ.

"ಏ ಭಾಡ್ಯಾ! ಹೆಣ್ಮಗಳ ಚಿತ್ರ ನೆಕ್ಕಾಕತ್ತಿಯಲ್ಲೋ!"

"ಇಲ್ರೀ ಅಕ್ಕಾರ, ಕಾಗದಾ ನೋಡಾಕತ್ತಿದ್ದೆರೀ."

"ನಾಲಿಗಿಲೆ ನೋಡ್ತಾರೇನ? ಕಣ್ಣ ಒಡದ ಹೋಗ್ಯಾವೇನ? ಇವತ್ತ ಖೋಲಿ ಖಾಲಿ ಮಾಡು!"

ಅಂಬೇವಾಡಿಯಲ್ಲಿ ಮದುವೆಯಾಗದವನಿಗೆ ಇನ್ನೊಂದು ಖೋಲಿ ಯಾರು ಕೊಡಬೇಕು? ಇದು ಹೋದರೆ ಕಾರ್ಖಾನೆಯ ಬಿದಿರಿನ ರಾಶಿಯೇ ಹಾಸಿಗೆ. ಉಳಿದ ಆಸೆ ಆಕೆಯ ಗಂಡ. ನಮ್ಮ ಕಾರ್ಖಾನೆಯಲ್ಲೇ ಹಾಳೆ ಪರೀಕ್ಷಿಸುವ ಕೆಲಸ ಅವರದು. ಪಾಳಿ ಮುಗಿಸಿ ಬಂದವರ ಮುಂದೆ ಪತ್ರಿಕೆ ಹಿಡಿದೆ.

"ಕಾಗದಾ ಹೆಂಗ ನೋಡ್ತಾರಂತ ಅಕ್ಕಾರಿಗೆ ನೀವ ಹೇಳ್ರಿ ಕಾಕಾ."

ಕಾಕಾ ಆ ಹಾಳೆ ಹರಿದುಕೊಂಡರು. ಹುಬ್ಬು ಗಂಟಿಕ್ಕಿದರು. ಬೆಳಕಿಗೆ ಹಿಡಿದರು, ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದರು. ಬಾಯಿಂದ ಹೇಳಿದ್ದರೆ ಸಾಕಿತ್ತು. ಹೆಂಡತಿ ಎದುರಿಗೇ ನಿಂತಿದ್ದರೂ ಚಟ ಬಿಡಲಿಲ್ಲ, ನಾಲಿಗೆ ಹಚ್ಚಿದರು.

"ಅಯ್ಯ ನನ್ನ ಶಿವನ! ನೀವೂನೂ?"

ಹಾಳೆ ಬಚ್ಚಲ ಒಲೆಗೆ ಹೋಯಿತು. ಬೇಗ ಸುಡಲೂ ಇಲ್ಲ. ಅದಕ್ಕೂ ನನ್ನನ್ನೇ ಬೈದಳು. ನನ್ನ ಟ್ರಂಕು ಬೀದಿಗೆ ಬಂತು, ಅದರ ಹಿಂದೆಯೇ ಕಾಕಾರ ಹಾಸಿಗೆ ಕಟ್ಟೆಗೆ ಬಂತು. ಟ್ರಂಕು ಹೊತ್ತು ಬಿದಿರಿನ ರಾಶಿಯ ಕಡೆ ಹೊರಟೆ. ಕಾಕಾ ಸುರುಳಿ ಸುತ್ತಿದ ಹಾಸಿಗೆಯ ಮೇಲೆ ಕೂತು, ಒಳಗೊಮ್ಮೆ ಇಣುಕಿ, ದನಿ ತಗ್ಗಿಸಿ ಕರೆದರು.

"ತಮ್ಮಾ, ಅಂಥಾ ಹಾಳಿ ಇನ್ನೊಂದ ಐತೇನು?"

"ಯಾಕ್ರೀ?"

"ಕಾಗದಾ ನೋಡಾಕಲೇ!"