ಬಿಸಿಲಿಗೆ ಹಿಡಿದ ಸೀರೆ

ಅಂಗಡಿಯವರು ‘ಬಣ್ಣಾ ಹೊರಗ ಬಿಸಿಲಾಗ ನೋಡ್ರಿ’ ಎಂದರೆ ನಾನು ಜಪ್ಪಯ್ಯ ಅಂದರೂ ಕದಲುವುದಿಲ್ಲ. ಒಳಗಿನ ಮಬ್ಬಿನಲ್ಲೇ ಆರಿಸುತ್ತೇನೆ. ಹೀಗಾಗಿ ಅಂಗಡಿಯಲ್ಲಿ ಕಡುನೀಲಿಯಾಗಿದ್ದ ಎಷ್ಟೋ ಸೀರೆಗಳು ಮನೆಗೆ ಬಂದು ಕಪ್ಪಾಗಿವೆ. ಆಗಲಿ. ಅದರಿಂದ ಕೆಡುವುದು ಸೀರೆಯೊಂದೇ. ಹೊರಗೆ ಹೋಗಿ ನೋಡಿದರೆ ಮಾನವೇ ಹೋದೀತು ಎಂಬುದು ನನ್ನ ಅನುಭವ.

ಹೊಸ ಪೈಸೆ ಬಂದು ಎಲ್ಲರೂ ಲೆಕ್ಕ ತಪ್ಪುತ್ತಿದ್ದ ಕಾಲವದು. ಮೋರಟಗಿಯ ಮಗಳಾದ ನಾನು ಕನ್ನೊಳ್ಳಿಯ ಸೊಸೆಯಾಗಿ ವರ್ಷ ತುಂಬಿರಲಿಲ್ಲ. ಬಸಿರಿ ನಾದಿನಿಯ ಕುಬುಸದ ಕಾರ್ಯಕ್ಕೆ ಹಸಿರು ಸೀರೆ ತರಲು ಅತ್ತೆ ನನ್ನನ್ನು ಸಿಂದಗಿಗೆ ಕರೆದುಕೊಂಡು ಹೋದರು. ಅತ್ತೆಯ ವ್ಯಾಪಾರವೆಂದರೆ ಅಂಗಡಿಯ ಅರ್ಧ ಗಂಟುಗಳನ್ನು ಬಿಚ್ಚಿಸಿ, ‘ಇದ್ರಾಗ ಇನ್ನೀಟು ತಿಳೀ ಬಣ್ಣ ಇಲ್ಲೇನ್ರಿ?’ ಎಂದು ಕೇಳುವುದು. ಸಾಹುಕಾರರು ಬೆವರೊರೆಸಿಕೊಂಡು ಒಂದು ಗಿಣಿಹಸಿರು ಸೀರೆಯನ್ನು ನನ್ನ ಕೈಗೆ ಕೊಟ್ಟರು. ‘ನೀವರ ಹೊರಗ ಬಿಸಿಲಾಗ ಹಿಡದು ನೋಡ್ರಿ ತಂಗೀ’ ಎಂದವರೇ ಮತ್ತೊಂದು ಗಂಟು ತರಲು ಒಳಗೆ ಹೋದರು.

ನಾನು ಕಟ್ಟೆ ಇಳಿದು ಸೀರೆಯನ್ನು ಹೆಗಲಿಗೆ ಹಾಕಿಕೊಂಡು ನೋಡುತ್ತಿದ್ದೆ. ಎದುರಿಗೆ ಮೋರಟಗಿಯ ಬಸ್ಸು ನಿಂತಿತ್ತು. ಅದರ ಕಿಟಕಿಯಿಂದ ನನ್ನ ತವರಿನ ನೆರೆಮನೆಯ ಗಂಗವ್ವ ಹೆಸರು ಹಿಡಿದು ಕೂಗಿದಳು. ತವರಿನ ಬಸ್ಸು, ತವರಿನ ಮುಖ! ಹೊಸ ಸೊಸೆಗೆ ಆಮೇಲೆ ಅಂಗಡಿ ಎಲ್ಲಿಯದು, ಅತ್ತೆ ಎಲ್ಲಿಯವರು? ಅವ್ವನ ಕಾಲುನೋವು, ತಮ್ಮನ ಪರೀಕ್ಷೆ, ಎಮ್ಮೆಯ ಕರು ಎಲ್ಲವನ್ನೂ ವಿಚಾರಿಸಿದೆ. ಗಂಗವ್ವ ಸೀರೆಯ ದಡಿಯನ್ನು ಕಿಟಕಿಯೊಳಗೆ ಎಳೆದುಕೊಂಡು ಹಿಸುಕಿ ನೋಡಿದಳು. ಬಸ್ಸು ಹೊರಟಿತು. ಮಾತು ಮುಗಿದಿರಲಿಲ್ಲವಾದ್ದರಿಂದ ನಾನೂ ಕಿಟಕಿಯ ಪಕ್ಕದಲ್ಲೇ ಓಡುತ್ತ ಹೊರಟೆ.

ಮೂಲೆ ತಿರುಗುವಷ್ಟರಲ್ಲಿ ಹಿಂದಿನಿಂದ ಕೂಗು ಕೇಳಿತು. ‘ಹಿಡೀರಿ! ಸೀರಿ ಕಳ್ಳೀನ ಹಿಡೀರಿ!’

ಕಳ್ಳಿಯನ್ನು ನೋಡುವ ಆಸೆಯಿಂದ ನಾನೂ ಹಿಂದೆ ತಿರುಗಿದೆ. ಸಾಹುಕಾರರು ಧೋತರದ ಚುಂಗು ಹಿಡಿದುಕೊಂಡು ನನ್ನ ಕಡೆಗೇ ಓಡಿ ಬರುತ್ತಿದ್ದರು. ಹೋಟೆಲಿನ ಮುಂದೆ ಚಹಾ ಕುಡಿಯುತ್ತಿದ್ದ ಪೊಲೀಸಪ್ಪ ಬಸಿ ಕೆಳಗಿಟ್ಟು ನನ್ನ ದಾರಿಗೆ ಅಡ್ಡ ನಿಂತ.

ಠಾಣೆಗೆ ನನ್ನ ಜೊತೆ ಅತ್ತೆಯನ್ನೂ ಕರೆತಂದರು. ಸಾಹುಕಾರರು ಫೌಜದಾರರ ಮುಂದೆ ಕೈಮುಗಿದು, ‘ಸಾಹೇಬ್ರ, ಮುದುಕಿ ನನ್ನ ಮಾತಿನ್ಯಾಗ ಹಿಡದಿಟ್ಲು, ಹರೇದಾಕಿ ಸೀರಿ ಹೊತ್ತು ಓಡಿದ್ಲು. ಮೊನ್ನೆ ಬಾಜೂ ಅಂಗಡ್ಯಾಗೂ ಹಿಂಗಽ ಆಗೇತ್ರಿ’ ಎಂದರು.

ಪೊಲೀಸಪ್ಪ, ‘ಬಸ್ಸಿನ್ಯಾಗ ಇನ್ನೊಬ್ಬಾಕಿ ಇದ್ಲರಿ. ಕಿಡಕ್ಯಾಗಿಂದ ಆಕಿ ಕೈಯಾಗ ಸೀರಿ ಕೊಡಾಕತ್ತಿದ್ಲು. ನಾನಽ ನೋಡೇನ್ರಿ’ ಎಂದ.

ಇಬ್ಬರೂ ಕಂಡದ್ದನ್ನೇ ಹೇಳಿದ್ದರು, ಅದೇ ನನ್ನ ಗ್ರಹಚಾರ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂಬ ಗಾದೆ ಮಾಡಿದವರು ಫೌಜದಾರರ ಎದುರು ನಿಂತಿರಲಿಕ್ಕಿಲ್ಲ. ಅಲ್ಲಿ ಕದಿಯದವರ ಮುಖವೇ ಹೆಚ್ಚು ಹುಳ್ಳಗಾಗುತ್ತದೆ. ಕಳ್ಳರ ಹತ್ತಿರ ಹೇಳಲು ಒಂದು ಕಥೆಯಾದರೂ ಇರುತ್ತದೆ. ನನ್ನ ಹತ್ತಿರ ಅದೂ ಇರಲಿಲ್ಲ. ಕಳ್ಳಿ ಎನ್ನಿಸಿಕೊಂಡ ಸೊಸೆಯನ್ನು ಕನ್ನೊಳ್ಳಿಯವರು ಅದೇ ಬಸ್ಸಿಗೆ ಹತ್ತಿಸಿ ತವರಿಗೆ ಅಟ್ಟುವುದು ಖಂಡಿತವಾಗಿತ್ತು.

‘ಇಕಿ ಕದ್ದಿಲ್ಲ ಅನ್ನಾಕ ಸಾಕ್ಷಿ ಯಾರದಾರ?’ ಎಂದರು ಫೌಜದಾರರು.

ಅತ್ತೆ ಸೆರಗು ಬಿಗಿದು ಮುಂದೆ ಬಂದರು. ‘ನಾ ಅದೀನ್ರಿ. ಕಳುವು ಮಾಡಾಕ ತಲಿ ಬೇಕ್ರಿ ಸಾಹೇಬ್ರ. ಇಕೀಗೆ ಅದಽ ಇಲ್ಲ. ಹಾಲು ಒಲಿ ಮ್ಯಾಲಿಟ್ಟು ಹಿತ್ತಲಕ್ಕ ಹೋಗಿ ಕುಂತ್ಲು, ಹಾಲೆಲ್ಲಾ ಬೂದ್ಯಾಗ ಹೋತು. ಬ್ಯಾಳಿಗೆ ಎರಡೆರಡ ಸಲ ಉಪ್ಪ ಹಾಕತಾಳ. ಬಾವಿಗೆ ಹೋದಾಕಿ ಕೊಡಾ ಅಲ್ಲೇ ಬಿಟ್ಟು, ಬರೇ ಸಿಂಬಿ ಹೊತ್ಕೊಂಡು ಮನೀಗೆ ಬಂದಾಳ್ರಿ!’

ಉಪ್ಪನ್ನು ನಾನು ಯಾವತ್ತೂ ಎರಡು ಸಲ ಹಾಕಿರಲಿಲ್ಲ. ಕೊಡದ ಕೆಳಗೆ ತಲೆಗಿಡುವ ಆ ಸಿಂಬಿಯ ಸುದ್ದಿಯಂತೂ ನನಗೇ ಹೊಸದು. ಅಲ್ಲವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಫೌಜದಾರರು, ‘ಖರೇ ಏನವಾ?’ ಎಂದರು. ಈ ಕಡೆ ಕಳ್ಳಿ, ಆ ಕಡೆ ಹುಚ್ಚಿ. ಬಾಗಿಲಲ್ಲಿ ನೆರೆದ ಜನರ ಮುಂದೆ ‘ಹೌದ್ರಿ’ ಎಂದೆ.

‘ಸಿಂಬೀದೂ?’

‘ಅದೂ ಹೌದ್ರಿ.’

ಹುಚ್ಚಿಯೆಂದು ಒಪ್ಪಿಕೊಂಡ ಮೇಲೆ ಯಾಕೋ ಧೈರ್ಯ ಬಂತು. ‘ಸಾಹುಕಾರ್ರಽ ಬಿಸಿಲಾಗ ನೋಡ್ರಿ ಅಂದಿದ್ರು’ ಎಂದೂ ಹೇಳಿಬಿಟ್ಟೆ.

ಫೌಜದಾರರು ಸಾಹುಕಾರರ ಕಡೆ ತಿರುಗಿದರು. ಅವರು ತಲೆ ಕೆರೆದುಕೊಂಡು, ‘ಅಂದಿದ್ನಿ ಕಾಣತೈತ್ರಿ. ಮರತಿದ್ನಿ’ ಎಂದರು.

‘ಹಂಗಾದ್ರ ಮನೀಗೆ ಹೋಗೂಮುಂದ ನಿಮ್ಮ ತಲೀ ಮ್ಯಾಲೂ ಸಿಂಬಿ ಐತೇನ ನೋಡ್ಕೋರಿ’ ಎಂದು ಫೌಜದಾರರು ಮೀಸೆಯೊಳಗೇ ನಕ್ಕರು.

ನಮ್ಮನ್ನು ಬಿಟ್ಟರು. ಆದರೆ ಅತ್ತೆ ಕದಲಲಿಲ್ಲ. ‘ಊರಽ ನೋಡಿದ ಸೀರಿ. ಇನ್ನ ಯಾರಿಗೆ ಮಾರ್ತೀರಿ? ಬೆಲಿ ಇಳಸ್ರಿ’ ಎಂದು ಠಾಣೆಯಲ್ಲೇ ಚೌಕಾಸಿಗೆ ನಿಂತರು. ಫೌಜದಾರರು ನೋಡುತ್ತಿದ್ದುದರಿಂದ ಸಾಹುಕಾರರೂ ಇಳಿಸಿದರು. ಕುಬುಸಕ್ಕೆ ಬೇರೆಯದನ್ನು ಕೊಂಡು ಈ ಸೀರೆಯನ್ನು ಅತ್ತೆ ನನ್ನ ಕೈಗೆ ಹಾಕಿದರು.

ಮರಳಿ ಬರುವಾಗ ಬಂಡಿಯಲ್ಲಿ ನಾನು ಮುಖ ಊದಿಸಿಕೊಂಡು, ‘ಅತ್ತೀ, ನಾ ಯಾವಾಗ್ರಿ ಬರೇ ಸಿಂಬಿ ಹೊತ್ಕೊಂಡು ಬಂದಿದ್ನಿ?’ ಎಂದು ಕೇಳಿದೆ.

ಅತ್ತೆ ಬಂಡಿ ಹೊಡೆಯುವವನನ್ನು ಓರೆಗಣ್ಣಿನಿಂದ ನೋಡಿ ದನಿ ಇಳಿಸಿದರು. ‘ಅದು ನಾನು. ಲಗ್ನ ಆದ ಹೊಸದಾಗ. ನಮ್ಮತ್ತಿ ಸಾಯೂಮಟಾ ಆಡಿ ತೋರಿಸಿದ್ಲು.’

‘ಉಪ್ಪು?’

‘ಅದೂ ನಂದಽ.’

‘ಹಾಲು?’

‘ಹಾಲು ನಿಂದು. ಅದನ್ನ ನನ್ನ ಮ್ಯಾಲ ಹಾಕಬ್ಯಾಡ.’

ನಾನು ಸೆರಗು ಬಾಯಿಗೆ ತುಂಬಿಕೊಂಡು ನಕ್ಕೆ. ಅತ್ತೆಯೂ ನಕ್ಕರು. ಅವರು ನನ್ನೆದುರು ಹಾಗೆ ನಕ್ಕದ್ದು ಅದೇ ಮೊದಲು.

ಕನ್ನೊಳ್ಳಿಗೆ ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ಕಟ್ಟೆಯ ಮೇಲೆ ಕಾಯುತ್ತಿದ್ದ ನೆರೆಯ ಹೆಂಗಸರು, ‘ಠಾಣ್ಯಾಗ ಸೊಸೀದು ಏನೇನೋ ಹೇಳಿದಿ ಅಂತಲ್ಲವಾ, ಏನ ಹೇಳಿದಿ?’ ಎಂದು ಮುತ್ತಿಕೊಂಡರು.

ಅತ್ತೆ ಹಣೆಯ ಬೆವರು ಒರೆಸಿಕೊಂಡು ನಿಧಾನವಾಗಿ ಒಳಗೆ ನಡೆದರು. ‘ಏನೋ ಯವ್ವಾ, ನನಗ ಮರತಽ ಹೋಗೇತಿ.’

ನನಗೆ ಈಗ ಅತ್ತೆಯ ಆಗಿನ ವಯಸ್ಸೇ ಆಗಿದೆ. ಕನ್ನಡಕ, ಕೀಲಿಕೈ, ಮೊಮ್ಮಕ್ಕಳ ಹೆಸರು ಎಲ್ಲವನ್ನೂ ಮರೆಯುತ್ತೇನೆ. ಆದರೆ ಅಷ್ಟು ಸರಿಯಾದ ಹೊತ್ತಿಗೆ ಮರೆಯುವ ವಿದ್ಯೆ ಮಾತ್ರ ಇನ್ನೂ ಕೈಗೆ ಹತ್ತಿಲ್ಲ.